ಮೋಡಕ್ಕೆ ತೇಪೆ

ನಮ್ಮ ಕಚೇರಿಯಲ್ಲಿ ತೇಪೆ ಅಂದರೆ ಬಟ್ಟೆಗೆ ಹಾಕೋದಲ್ಲ, ಮೋಡಕ್ಕೆ ಹಾಕೋದು. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಮಾತು ಕೇಳಿ ಮುಖ ಮುಖ ನೋಡಿಕೊಳ್ತಾರೆ. ಅವರನ್ನು ಕೂರಿಸಿಕೊಂಡು ಪಾಠ ಹೇಳೋದು ನನ್ನ ಪಾಲಿಗೆ ಬಂದಿದೆ. ಬೇರೆ ಯಾರಿಗೂ ತಾಳ್ಮೆ ಇಲ್ಲವಂತೆ. ನನಗಿದೆ ಅಂತ ಅವರಿಗೆ ಯಾರು ಹೇಳಿದರೋ.

ಪಾಠ ಇಷ್ಟೇ. ಸಮುದ್ರದ ಅಂಚಿನಲ್ಲಿ, ಅಳಿವೆಗಳಲ್ಲಿ ಕಾಂಡ್ಲಾ ಕಾಡು ಇರುತ್ತೆ. ಉಪ್ಪುನೀರಿನ ಕೆಸರಲ್ಲಿ ಬೇರುಗಳನ್ನು ಊರುಗೋಲಿನ ಹಾಗೆ ಊರಿಕೊಂಡು ನಿಲ್ಲೋ ಮರಗಳು. ದೇಶದಲ್ಲಿ ಆ ಕಾಡು ವರ್ಷದಿಂದ ವರ್ಷಕ್ಕೆ ಹೆಚ್ಚಾಯ್ತಾ, ಕಡಿಮೆಯಾಯ್ತಾ ಅಂತ ಅಂದಾಜು ಮಾಡೋದು ನಮ್ಮ ಕೆಲಸ. ಅದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಉಪಗ್ರಹ ಮೇಲಿಂದ ಚಿತ್ರ ಕಳಿಸುತ್ತೆ. ಮೂರನೇ ಮಹಡಿಯಲ್ಲಿ, ಒಂದು ಚಕ್ರ ಕಿತ್ತುಹೋದ ಕುರ್ಚಿಯಲ್ಲಿ ವಾಲಿಕೊಂಡು ಕೂತು, ಇದು ಕಾಡು, ಇದು ಕೆಸರು, ಇದು ನೀರು ಅಂತ ನಾವು ಬೇರೆ ಮಾಡ್ತೀವಿ. ಚಿತ್ರದಲ್ಲಿ ಎಲ್ಲಾದರೂ ಮೋಡ ಅಡ್ಡ ಬಂದಿದ್ದರೆ ಅದರ ಕೆಳಗಿನ ನೆಲ ಕಾಣಲ್ಲ. ಕಾಣಲ್ಲ ಅಂತ ಖಾಲಿ ಬಿಡೋ ಹಾಗೂ ಇಲ್ಲ. ಬಿಟ್ಟರೆ ಅಲ್ಲಿ ಕಾಡೇ ಇಲ್ಲ ಅಂತ ಲೆಕ್ಕ ಬಂದು ಮೇಲಿನವರು ಹೌಹಾರಿಬಿಡ್ತಾರೆ. ಅದಕ್ಕೆ ಅದೇ ಜಾಗದ ಹಳೇ ಚಿತ್ರ, ಮೋಡ ಇಲ್ಲದ್ದು ಯಾವುದು ಸಿಗುತ್ತೋ ಅದನ್ನು ಕಂಪ್ಯೂಟರು ತಾನೇ ಹುಡುಕಿ ಅಲ್ಲಿಗೆ ಕೂರಿಸುತ್ತೆ. ಇದೇ ತೇಪೆ. ಬಟ್ಟೆಯ ತೇಪೆ ದೂರದಿಂದಲೇ ಕಾಣುತ್ತೆ. ನಮ್ಮದು ಮೂಗು ತಾಗಿಸಿ ನೋಡಿದರೂ ಕಾಣಲ್ಲ. ಅದನ್ನೇ ನಾವು ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡಿದ್ದು.

ಈಗ ನನ್ನ ಅಕ್ಕನ ವಿಷಯ.

ಅಮ್ಮ ಹೋದಾಗ ನಾನು ಇನ್ನೂ ಲಂಗ ಎಳೆದುಕೊಂಡು ಓಡಾಡೋಳು. ನನ್ನನ್ನು ಸಾಕಿ, ಓದಿಸಿ, ಬೈದು, ತಲೆ ಬಾಚಿ ದೊಡ್ಡವಳನ್ನು ಮಾಡಿದವಳು ಅಕ್ಕ. ನಾನು ಕಣ್ಣು ಪಿಳುಕಿಸದೆ ನೋಡ್ತೀನಿ ಅಂತ ಅವಳು ಇಟ್ಟ ಹೆಸರು ಗೂಬೆ. ಕನ್ನಡಕ ಬಂದ ಮೇಲಂತೂ ಆ ಹೆಸರು ಗಟ್ಟಿಯಾಯ್ತು. ಅವಳು ಮದುವೆಯಾಗಿ ಅಳಿವೆಯ ಬಾಯಿಗೆ ಹೋದಳು. ಭಾವ ಏಡಿ ಹಿಡಿಯೋರು. ಮಾತು ಕಮ್ಮಿ, ಆಡಿದರೆ ಒಂದೇ ವಾಕ್ಯ, ಅದೂ ನಗು ಬರೋ ಹಾಗಿರುತ್ತೆ. ಅವರಿಗೊಂದು ಚಟ. ಮನೆಗೆ ಬೀಗ ಹಾಕಿ ಹೊರಟವರು ದಾರಿಯಿಂದ ವಾಪಸ್ ಬಂದು ಬೀಗ ಎಳೆದು ನೋಡ್ತಾರೆ. "ಒಳಗೆ ಯಾವ ಖಜಾನೆ ಇದೆ ಅಂತ ಈ ಬೀಗ?" ಅಂತ ಅಕ್ಕ ರೇಗಿಸೋಳು. "ಖಜಾನೆ ಜೊತೇಲೇ ಬರ್ತಿದೆ, ಆದರೂ ಬೀಗ ಬೀಗವೇ," ಅನ್ನೋರು ಭಾವ.

ಮನೆ ಅಂದರೆ ತಗಡಿನ ಮಾಡಿನದು, ಅಳಿವೆಗೆ ಎದುರಾಗಿ. ಮನೆ ಮುಂದೆ, ನೀರಿಗೂ ಅಂಗಳಕ್ಕೂ ನಡುವೆ ಕಾಂಡ್ಲಾ ಕಾಡಿತ್ತು. ಇತ್ತು. ಸಿಗಡಿ ಸಾಕೋ ಕಂಪನಿಯವರು ಬಂದು, ಕಾಡು ಸವರಿ, ಹೊಂಡ ತೋಡಿದರು. ಎರಡು ಬೆಳೆ ತೆಗೆದರೋ ಮೂರೋ, ಸಿಗಡಿಗೆ ರೋಗ ಬಂತು, ಹೊಂಡ ಬಿಟ್ಟು ಹೋದರು. ಹೋಗುವಾಗ ಪಂಪು, ಪೈಪು, ಬೇಲಿಯ ತಂತಿಯನ್ನೂ ಬಿಚ್ಚಿಕೊಂಡು ಹೋದರು, ಮರ ಮಾತ್ರ ವಾಪಸ್ ಕೊಡಲಿಲ್ಲ. ಆಮೇಲಿಂದ ದೊಡ್ಡ ಉಬ್ಬರ ಬಂದಾಗಲೆಲ್ಲ ನೀರು ನೇರ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ. ಮೊದಲು ಕಾಡು ಅದನ್ನು ತಡೀತಿತ್ತು. ಈಗ ತಡೆಯೋಕೆ ಅಕ್ಕನ ಪೊರಕೆ ಒಂದೇ.

ಹೀಗಿರುವಾಗ ಸರ್ಕಾರ ಕರಾವಳಿಗೆ ಕಲ್ಲಿನ ತಡೆಗೋಡೆ ಕಟ್ಟೋದಾಗಿ ಹೇಳಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಆದರೂ ಕಟ್ಟಿದರೆ ಕಟ್ಟಲಿ. ಎಲ್ಲ ಕಡೆ ಕಟ್ಟೋಕಾಗಲ್ಲ, ಕಾಂಡ್ಲಾ ಕಾಡು ಅಳಿದುಹೋದ ಕಡೆ ಮಾತ್ರ. ಎಲ್ಲಿ ಅಳಿದಿದೆ ಅನ್ನೋದಕ್ಕೆ ನಮ್ಮ ಕಚೇರಿಯ ಈ ಸಲದ ನಕ್ಷೆಯೇ ಆಧಾರ.

ಅಕ್ಕ ಅವತ್ತೇ ಫೋನ್ ಮಾಡಿದಳು.

"ಏನೇ ಗೂಬೆ, ನಕ್ಷೆ ಮಾಡೋಳು ನೀನೇ ತಾನೇ?"

"ನಾನೊಬ್ಬಳೇ ಅಲ್ಲ. ಆದರೆ ಅಳಿವೆ ಕಡೆಯದು ನನ್ನ ಮೇಜಿಗೇ ಬರೋದು."

"ಹಾಗಾದ್ರೆ ನಮ್ಮೂರು ಮರೀಬೇಡ. ಮರ ಹೋಗಿರೋದು ನಿನಗೆ ಗೊತ್ತೇ ಇದೆ. ಈ ಸಲ ಗೋಡೆ ಬರದಿದ್ರೆ ಮನೆ ನಿಲ್ಲಲ್ಲ ಕಣೆ. ಮುಂದಿನ ಗೋಡೆ ಬುಡ ಬಿಟ್ಟಿದೆ."

"ಮರೆಯೋ ಪ್ರಶ್ನೆಯೇ ಇಲ್ಲ ಅಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಿಮ್ಮೂರು ಇದ್ದೇ ಇರುತ್ತೆ."

ಎಷ್ಟು ಧೈರ್ಯವಾಗಿ ಹೇಳಿದೆ ನೋಡಿ. ಫೋನ್ ಇಟ್ಟು, ಹುರುಪಿನಿಂದ ನಕ್ಷೆ ತೆರೆದು ಅಳಿವೆಯ ಬಾಯಿಗೆ ಹೋದೆ. ಅಲ್ಲಿ ಕಡು ಹಸಿರು. ಅಕ್ಕನ ಮನೆ ಮುಂದೆ, ನೀರಿನ ಅಂಚಿನವರೆಗೆ, ಒಂದು ಎಲೆಯೂ ಕಡಿಮೆಯಾಗದ ಕಾಂಡ್ಲಾ ಕಾಡು.

ಮೊದಲು ನಾನು ತಪ್ಪು ಜಾಗ ನೋಡ್ತಿದೀನಿ ಅಂದುಕೊಂಡೆ. ಕನ್ನಡಕ ಒರೆಸಿದೆ. ಸುತ್ತ ಹೊಳೆಯ ತಿರುವು, ಸೇತುವೆ, ರಸ್ತೆ ಎಲ್ಲ ಸರಿಯಾಗಿವೆ. ಆಮೇಲೆ ಆ ಜಾಗದ ಚಿತ್ರ ಯಾವ ವರ್ಷದ್ದು ಅಂತ ಕೆದಕಿದೆ. ಸಿಗಡಿ ಕಂಪನಿ ಬರೋದಕ್ಕೂ ಹಿಂದಿನದು. ಆ ವರ್ಷದಿಂದ ಈಚೆಗೆ ಪ್ರತಿ ಸಲವೂ ಅಲ್ಲಿ ಮೋಡ. ಪ್ರತಿ ಸಲವೂ ಕಂಪ್ಯೂಟರು ಹಿಂದಕ್ಕೆ ಹೋಗಿ, ಹೋಗಿ, ಅದೇ ಹಳೇ ಚಿತ್ರವನ್ನು ಹೊತ್ತು ತಂದು ಕೂರಿಸಿದೆ. ತೇಪೆಯ ಮೇಲೆ ತೇಪೆ. ಅಷ್ಟೊಂದು ಅಳಿವೆಗಳ ನಡುವೆ ಆ ಒಂದು ಜಾಗವನ್ನು ನಾನೂ ಬಿಡಿಸಿ ನೋಡಿರಲಿಲ್ಲ. ಕಡಿದ ಮರಗಳು ನೆಲದ ಮೇಲೆ ಇರಲಿಲ್ಲ, ನಮ್ಮ ಕಚೇರಿಯಲ್ಲಿ ಮಾತ್ರ ಸೊಂಪಾಗಿ ನಿಂತಿದ್ದವು.

ಆ ವಾರವೆಲ್ಲ ಚಿತ್ರ ಹುಡುಕೋದೇ ಕೆಲಸ. ಒಂದಾದರೂ ಮೋಡ ಇಲ್ಲದ್ದು ಸಿಕ್ಕರೆ ಸಾಕಿತ್ತು. ಉಪಗ್ರಹ ಆ ಊರಿನ ಮೇಲೆ ಹಾಯೋದು ಯಾವಾಗಲೂ ಬೆಳಗಿನ ಒಂದೇ ಹೊತ್ತಿಗೆ. ಅದೇ ಹೊತ್ತಿಗೆ ಅಳಿವೆಯ ಬಾಯಿ ಮೇಲೆ ಮೋಡ ಮುಚ್ಚಳ ಹಾಕಿದ ಹಾಗೆ ಕೂರುತ್ತೆ. ಒಂದೇ ಒಂದು ಚಿತ್ರದಲ್ಲಿ ಮೋಡ ಹರಿದು ಸಣ್ಣ ಕಿಂಡಿಯಾಗಿತ್ತು. ಅದನ್ನು ದೊಡ್ಡದು ಮಾಡಿದೆ. ಕಿಂಡಿಯಲ್ಲಿ ಬಿಳೀ ಚುಕ್ಕೆ ಹೊಳೀತಿತ್ತು, ಅಕ್ಕನ ಮನೆಯ ತಗಡು. ಹಿಂದಿನ ತೆಂಗಿನ ಸಾಲೂ ಕಾಣ್ತಿತ್ತು. ಮನೆ ಮುಂದಿನದು ಮಾತ್ರ ಮತ್ತೆ ಮೋಡ. ಮೋಡ ತೂರಿ ನೋಡೋ ಉಪಗ್ರಹಗಳು ಇವೆ, ಇಲ್ಲ ಅಂತಲ್ಲ. ಆದರೆ ಹಳೇ ವರ್ಷಗಳಿಗೆ ಅಂಥ ಚಿತ್ರ ಇಲ್ಲ, ಅದನ್ನೂ ಇದನ್ನೂ ಪಕ್ಕಕ್ಕಿಟ್ಟು ಹೋಲಿಸೋ ಹಾಗಿಲ್ಲ ಅಂತ ನಮ್ಮ ನಿಯಮ.

ಅಕ್ಕನಿಗೆ ಹೇಳದೆ ವಿಧಿ ಇರಲಿಲ್ಲ. ಹೇಳಿದೆ. "ಮಧ್ಯಾಹ್ನ ಬಾ ಅನ್ನು ಅದಕ್ಕೆ," ಅಂದಳು.

"ಯಾವುದಕ್ಕೆ?"

"ನಿನ್ನ ಉಪಗ್ರಹಕ್ಕೆ. ಮಧ್ಯಾಹ್ನ ಗಾಳಿ ಬಂದು ಮೋಡವೆಲ್ಲ ಹೋಗುತ್ತೆ. ಊಟಕ್ಕೇ ಬರಲಿ ಬೇಕಾದ್ರೆ."

ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸಾಹೇಬರ ಹತ್ತಿರ ಹೋದೆ. ನಮ್ಮ ಸಾಹೇಬರು ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಾಗ್ತಿತ್ತು. ಬೈದುಕೊಂಡಾದರೂ ಇರಬಹುದಿತ್ತು. ಆದರೆ ಅವರು ಒಳ್ಳೆಯವರು. ಕೇಳಿದರು, ಚಿತ್ರಗಳನ್ನೆಲ್ಲ ತಾವೇ ನೋಡಿದರು. "ಮೇಜಿನ ಮುಂದೆ ಕೂತು ತೀರ್ಮಾನ ಮಾಡೋದು ಬೇಡಮ್ಮ. ಹೋಗಿ ಕಣ್ಣಾರೆ ನೋಡಿ ಬನ್ನಿ. ಜೀಪ್ ತಗೊಳ್ಳಿ. ಜೊತೆಗೆ ಶೇಕಡಾನ ಕರ್ಕೊಂಡು ಹೋಗಿ, ನೀವೊಬ್ಬರೇ ಹೋದರೆ ಅಕ್ಕನ ಮನೆ ಅಂತ ಮಾತು ಬರುತ್ತೆ," ಅಂದರು.

ಶೇಕಡಾ ಅಂದರೆ ನಮ್ಮ ಕಚೇರಿಯ ಅಂಕಿಅಂಶದ ಮನುಷ್ಯ. ಎಲ್ಲವನ್ನೂ ನೂರಕ್ಕೆ ಇಷ್ಟು ಅಂತಲೇ ಹೇಳೋದರಿಂದ ಆ ಹೆಸರು. ಜೀಪ್ ಹತ್ತುವಾಗಲೇ "ಇವತ್ತು ಮಳೆ ಬರೋದು ನೂರಕ್ಕೆ ಇಪ್ಪತ್ತು ಮೇಡಂ," ಅಂದ. ಅರ್ಧ ದಾರಿಗೆ ಮಳೆ ಸುರೀತು. "ನೋಡಿ, ಇದು ಆ ಇಪ್ಪತ್ತು," ಅಂದ. ಇಂಥವನ ಜೊತೆ ಜಗಳವಾಡೋದಾದರೂ ಹೇಗೆ?

ಊರು ಮುಟ್ಟಿದೆವು. ನಾನು ಹಿಂದೆ ಬಂದಾಗ ಹೊಂಡಗಳ ಏರಿಗಳಾದರೂ ಗಟ್ಟಿಯಾಗಿದ್ದವು, ಈಗ ಅವೂ ಕುಸಿದು, ಬೂದುಬಣ್ಣದ ಕೆಸರು ಕಣ್ಣು ಹಾಯಿಸಿದಷ್ಟು ದೂರ ಬಿದ್ದಿತ್ತು. ಅಲ್ಲಲ್ಲಿ ಕಡಿದ ಬುಡಗಳು. ಅಕ್ಕನ ಮನೆಯ ಮುಂದಿನ ಗೋಡೆಯ ಕೆಳಗೆ ನನ್ನ ಕೈ ಹೋಗುವಷ್ಟು ಜಾಗ ಆಗಿತ್ತು. ನಾನು ಕೈ ಹಾಕಿ ನೋಡಿದೆ, ಒಳಗೆ ತೇವ. ಅಕ್ಕ ಅಕ್ಕಿ ಡಬ್ಬ, ಬಟ್ಟೆ, ಒಲೆ ಎಲ್ಲವನ್ನೂ ಮಂಚದ ಮೇಲೆ ಏರಿಸಿಟ್ಟಿದ್ದಳು, ಗಂಡ ಹೆಂಡತಿ ನೆಲದ ಮೇಲೆ ಮಲಗ್ತಿದ್ದರು. "ಸಾಮಾನು ಒದ್ದೆಯಾದ್ರೆ ಒಣಗಲ್ಲ, ನಾವಾದ್ರೆ ಒಣಗ್ತೀವಿ," ಅಂದರು ಭಾವ.

ಶೇಕಡಾ ಬುಡಗಳ ಫೋಟೋ ತೆಗೆಯೋಕೆ ಹೋಗಿ ಮಂಡಿವರೆಗೆ ಕೆಸರಲ್ಲಿ ಹೂತುಕೊಂಡ. ಭಾವ ಅವನ ಕಂಕುಳಿಗೆ ಕೈ ಕೊಟ್ಟು ಎಳೆದರು. ಮನುಷ್ಯ ಬಂದ, ಬೂಟು ಬರಲಿಲ್ಲ. "ಬೂಟು ಸಿಗೋದು ನೂರಕ್ಕೆ ಎಷ್ಟು?" ಅಂತ ಕೇಳಿದೆ. ಅವನು ನಗಲಿಲ್ಲ, ಸುತ್ತ ನೋಡ್ತಿದ್ದ. "ಮೇಡಂ, ಇಲ್ಲಿ ಒಂದು ಮರವೂ ಇಲ್ಲ," ಅಂದ, ನಾನು ಇಷ್ಟು ದಿನ ಹೇಳಿದ್ದು ಈಗ ತಾನೇ ಕಿವಿಗೆ ಬಿದ್ದವನ ಹಾಗೆ.

ನಾನು ಕಚೇರಿಯಿಂದ ಆ ಜಾಗದ ನಕ್ಷೆಯನ್ನು ಕಾಗದದ ಮೇಲೆ ತೆಗೆಸಿ ತಂದಿದ್ದೆ, ನೆಲದ ಜೊತೆ ತಾಳೆ ನೋಡೋಕೆ. ಭಾವ ಅದನ್ನು ಇಸಕೊಂಡು ಮೊಣಕಾಲ ಮೇಲೆ ಹರಡಿಕೊಂಡರು. ತುಂಬಾ ಹೊತ್ತು ನೋಡಿದರು. ಏಡಿ ಕಚ್ಚಿ ಕಚ್ಚಿ ಉಗುರೇ ಸೊಟ್ಟಗಾದ ಬೆರಳು ಹಸಿರಿನ ಮೇಲೆ ನಿಧಾನವಾಗಿ ಸರೀತು.

"ಇಲ್ಲಿ ಒಳಗೊಂದು ಕಾಲುವೆ ಇತ್ತು. ಇದರಲ್ಲೇ ದೋಣಿ ತಗೊಂಡು ಹೋಗ್ತಿದ್ದೆ. ಇಲ್ಲಿ ತಿರುಗಿದರೆ ಗೂನಿ."

"ಗೂನಿ ಯಾರು ಭಾವ?"

"ಮರ. ಬೆನ್ನು ಬಗ್ಗಿಸಿಕೊಂಡಿರೋಳು. ಅವಳಿಗೇ ದೋಣಿ ಕಟ್ತಿದ್ದೆ." ಬೆರಳು ಅಲ್ಲೇ ನಿಂತಿತು. "ಇದಾಳಲ್ಲ ಇಲ್ಲಿ."

ಅಕ್ಕ ಒಳಗಿಂದ, "ಅವಳ ಹತ್ತಿರ ಹೋಗೋವಾಗ ಮಾತ್ರ ಇವರು ಬೀಗ ನೋಡೋಕೆ ವಾಪಸ್ ಬರ್ತಿರಲಿಲ್ಲ," ಅಂದಳು. ಮೂವರೂ ನಕ್ಕೆವು. ಭಾವ ಆ ಕಾಗದ ವಾಪಸ್ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ನಾನೂ ಕೇಳಲಿಲ್ಲ.

ಹೊರಡುವಾಗ ಅಕ್ಕ ಜೀಪಿನ ಹತ್ತಿರ ಬಂದು ನನ್ನ ಕೆನ್ನೆಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು. "ಈಗಂತೂ ಆಯ್ತಲ್ವಾ? ನೀನೂ ನೋಡಿದೆ, ಜೊತೆ ಬಂದ ಸಾರ್ ಕೂಡ ನೋಡಿದರು," ಅಂದಳು. ಆಯ್ತು ಅಕ್ಕ ಅಂದೆ. ಆಗಿದೆ ಅಂತಲೇ ನನಗೂ ಅನ್ನಿಸಿತ್ತು.

ಫೋಟೋ, ಜಾಗದ ಗುರುತು, ಶೇಕಡಾನ ಸಹಿ, ನನ್ನ ಸಹಿ, ಎಲ್ಲ ಸಾಹೇಬರ ಮುಂದೆ ಇಟ್ಟೆವು. ಅವರು ಒಂದೊಂದೇ ನೋಡಿ ತಲೆದೂಗಿದರು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕಾಡು ಹೋಗಿದೆ. ದಾಖಲೆಗೆ ಸೇರಿಸಿ," ಅಂದರು.

ಜೀವ ಬಂದ ಹಾಗಾಯ್ತು. "ನಕ್ಷೆ ಇವತ್ತೇ ತಿದ್ದಲಾ ಸರ್?"

"ನಕ್ಷೆ ಅಲ್ಲಮ್ಮ. ತಪ್ಪಿನ ಕೋಷ್ಟಕಕ್ಕೆ ಸೇರಿಸಿ."

ತಪ್ಪಿನ ಕೋಷ್ಟಕ ಏನು ಅಂತ ನಾನೇ ಹೊಸಬರಿಗೆ ವರ್ಷಾ ವರ್ಷಾ ಹೇಳಿಕೊಡ್ತೀನಿ. ನಕ್ಷೆ ಎಲ್ಲೆಲ್ಲಿ ಸುಳ್ಳು ಹೇಳಿದೆ ಅಂತ ಕೆಲವು ಜಾಗಗಳನ್ನು ಪರೀಕ್ಷೆ ಮಾಡಿ, ಅದರ ಮೇಲೆ ದೇಶದ ಒಟ್ಟು ಅಂದಾಜು ಎಷ್ಟು ಆಚೀಚೆ ಆಗಬಹುದು ಅಂತ ಲೆಕ್ಕ ಹಾಕ್ತೀವಿ. ತಪ್ಪು ಸಿಕ್ಕ ಜಾಗವನ್ನು ನಕ್ಷೆಯಲ್ಲಿ ತಿದ್ದಲ್ಲ. ತಿದ್ದಿದರೆ ಪರೀಕ್ಷೆಗೆ ಅರ್ಥ ಉಳಿಯಲ್ಲ. ಇದನ್ನೆಲ್ಲ ನಾನು ಕಪ್ಪುಹಲಗೆ ಮೇಲೆ ಚಿತ್ರ ಬರೆದು ವಿವರಿಸಿದವಳು.

ಆದರೂ ವಾದ ಮಾಡಿದೆ. "ಸರ್, ಅಲ್ಲಿ ಮನೆ ಬೀಳ್ತಿದೆ. ಗೋಡೆ ಕಟ್ಟೋರು ಕೋಷ್ಟಕ ನೋಡಲ್ಲ, ನಕ್ಷೆ ನೋಡ್ತಾರೆ."

"ಗೊತ್ತಮ್ಮ. ಆದರೆ ಇಂಥ ತೇಪೆ ದೇಶದಲ್ಲಿ ಎಷ್ಟಿರಬಹುದು? ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಯಾರದೋ ತಂಗಿ ನಮ್ಮ ಕಚೇರಿಯಲ್ಲಿದ್ದಾಳೆ ಅಂತ ಆ ಊರಿನದ್ದು ಮಾತ್ರ ತಿದ್ದಿದರೆ, ಅಂಥ ತಂಗಿ ಇಲ್ಲದ ಊರಿನವರು ಏನು ಮಾಡಬೇಕು?" ಅವರ ದನಿಯಲ್ಲಿ ಕೋಪವೇ ಇರಲಿಲ್ಲ. "ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ, ಹೇಳಿ."

ಉತ್ತರ ಗೊತ್ತಿತ್ತು. ಅವರು ಹೇಳಿದ್ದನ್ನೇ ನಾನೂ ಹೇಳ್ತಿದ್ದೆ. ನನ್ನ ಅಕ್ಕ ಅಲ್ಲದೆ ಬೇರೆ ಯಾರದ್ದೋ ಅಕ್ಕನಾಗಿದ್ದರೆ ಇನ್ನೂ ಬಿರುಸಾಗಿ ಹೇಳ್ತಿದ್ದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಸ್ಥಿತಿ. ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ಎದ್ದು ಬಂದೆ. ಶೇಕಡಾ ಹಿಂದೆಯೇ ಬಂದು, "ಮೇಡಂ, ನಾವು ನೋಡಿದ ಆ ಜಾಗ ಕೋಷ್ಟಕಕ್ಕೆ ಸೇರಿದರೆ ಒಟ್ಟು ಅಂದಾಜು ಸ್ವಲ್ಪ ಸುಧಾರಿಸುತ್ತೆ," ಅಂದ. ಸಮಾಧಾನ ಮಾಡೋಕೆ ಅಂತಲೇ ಹೇಳಿದ, ಪಾಪ. ಅವನ ಮುಖ ನೋಡೋಕಾಗದೆ ನೀರು ಕುಡಿಯೋಕೆ ಹೋದೆ.

ಗೋಡೆ ಕಟ್ಟೋ ಕಚೇರಿಗೂ ಹೋದೆ. ಫೋಟೋಗಳನ್ನು ಮೇಜಿನ ಮೇಲೆ ಹರಡಿ ಅಲ್ಲಿನ ಎಂಜಿನಿಯರಿಗೆ ಎಲ್ಲ ವಿವರಿಸಿದೆ. ಅವರು ಮರ್ಯಾದಸ್ಥರು, ಕುರ್ಚಿ ಕೊಟ್ಟರು, ಕೇಳಿಸಿಕೊಂಡರು. ಆಮೇಲೆ ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಇಲ್ಲಿ ಕಾಡಿದೆಯಲ್ಲ ಮೇಡಂ."

"ಇಲ್ಲ ಸರ್, ಅದು ತೇಪೆ."

"ಫೋಟೋ ಯಾರು ಎಲ್ಲಿ ಬೇಕಾದರೂ ತೆಗೀಬಹುದು. ನಾವು ನಕ್ಷೆ ಪ್ರಕಾರವೇ ಹೋಗಬೇಕು. ಈ ನಕ್ಷೆ ಮಾಡಿದವರು ಯಾರು ಅಂತ ಕೇಳಿ, ಅವರ ಹತ್ತಿರ ಮಾತಾಡಿ."

"ಮಾಡಿದವಳು ನಾನೇ."

ಅವರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಸರಿಯಾಗೇ ಇರುತ್ತೆ ಬಿಡಿ," ಅಂದರು.

ಹೋದ ಪುಟ್ಟ, ಬಂದ ಪುಟ್ಟ. ಮೆಟ್ಟಿಲು ಇಳಿಯುವಾಗ ನನಗೆ ಅಳು ಬಂತು. ಸಿಟ್ಟಿನ ಅಳು. ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು ಇದೆಯಲ್ಲ, ಅದರಷ್ಟು ದರಿದ್ರದ್ದು ಇನ್ನೊಂದಿಲ್ಲ. ಮೋಡದ ಮೇಲೆ ಸಿಟ್ಟಾಗಲಾ?

ವರದಿ ಹೊರಬಂತು. ದೇಶದ ಕಾಂಡ್ಲಾ ಕಾಡಿನಲ್ಲಿ ಗಮನಾರ್ಹ ಬದಲಾವಣೆ ಇಲ್ಲ ಅಂತ ಮೊದಲ ಸಾಲು. ಒಂದು ಕಡೆ ಹೋದದ್ದು, ಇನ್ನೊಂದು ಕಡೆ ನೆಟ್ಟದ್ದು, ಕೂಡಿ ಕಳೆದು ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಸುಳ್ಳಲ್ಲ ಅದು. ನಾನೇ ಪರಿಶೀಲಿಸಿದ್ದೇನೆ, ನನಗೆ ತಿಳಿದ ಮಟ್ಟಿಗೆ ಇಷ್ಟು ವರ್ಷದಲ್ಲಿ ನಾವು ಮಾಡಿದ ಅತ್ಯಂತ ಸರಿಯಾದ ಅಂದಾಜು ಅದೇ. ಅದರ ಹಿಂದೆಯೇ ಗೋಡೆ ಕಟ್ಟೋ ಊರುಗಳ ಹೆಸರೂ ಬಂದವು. ಅಕ್ಕನ ಊರು ಇರಲಿಲ್ಲ.

ಫೋನ್ ಮಾಡಿ ಹೇಳಿದೆ. ಏನೇನೋ ವಿವರಣೆ ಕೊಡೋಕೆ ಹೋದೆ, ತಪ್ಪಿನ ಕೋಷ್ಟಕ, ಒಟ್ಟು ಅಂದಾಜು, ಅದೂ ಇದೂ. ಅಕ್ಕ ಕೇಳಿಸಿಕೊಂಡಳು. ಕೊನೆಗೆ, "ಅಂದ್ರೆ ನಾವು ತಪ್ಪಲ್ಲಿ ಇದೀವಿ," ಅಂದಳು.

"ಹಾಗಲ್ಲ ಅಕ್ಕ…"

"ಹೋಗಲಿ ಬಿಡೇ. ನಿನ್ನ ಕೈಲಿ ಏನಿದೆ? ಊಟ ಮಾಡಿದ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕವಳಿದ್ದಾಗ ಹಾಲು ಉಕ್ಕಿಸಿದ್ದಕ್ಕೆಲ್ಲ ಸೌಟು ಹಿಡಿದು ಅಟ್ಟಿಸಿಕೊಂಡು ಬರ್ತಿದ್ದವಳು ಅವಳು. ಅವತ್ತು ನಾನು ಊಟ ಮಾಡಲಿಲ್ಲ, ಮಾಡಿದೆ ಅಂತ ಸುಳ್ಳು ಹೇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ವರ್ಷದ ದೊಡ್ಡ ಉಬ್ಬರ ಬಂತು. ನಾನು ಕಚೇರಿಯಲ್ಲಿದ್ದೆ, ಊಟದ ಡಬ್ಬಿ ಆಗತಾನೇ ತೆರೆದಿದ್ದೆ. ಅಕ್ಕನ ಫೋನು.

"ಕಂಪ್ಯೂಟರ್ ಮುಂದೆ ಇದೀಯಾ?"

"ಇದೀನಿ. ಏನಾಯ್ತು ಅಕ್ಕ?" ಅವಳ ಹಿಂದೆ ನೀರಿನ ಸದ್ದು, ಪಾತ್ರೆಗಳು ಒಂದಕ್ಕೊಂದು ತಾಗೋ ಸದ್ದು ಕೇಳ್ತಿತ್ತು. ಭಾವ ಏನೋ ಕೂಗಿ ಹೇಳ್ತಿದ್ದರು.

"ನಮ್ಮ ಮನೆ ಮುಂದೆ ಈಗ ಏನಿದೆ ನೋಡಿ ಹೇಳು."

"ಅಕ್ಕ, ಅಲ್ಲಿಂದ ಮೊದಲು ಹೊರಡಿ. ಹಿಂದಿನ ದಿಬ್ಬಕ್ಕೆ ಹೋಗಿ."

"ಹೊರಟಿದೀವಿ ಕಣೆ, ಗಂಟು ಕಟ್ಟಾಯ್ತು. ನೀನು ನೋಡಿ ಹೇಳು."

ನೋಡಿದೆ. "ಕಾಡಿದೆ."

"ದಟ್ಟವಾಗಿದೆಯಾ?"

"ದಟ್ಟವಾಗಿದೆ ಅಕ್ಕ."

"ಸರಿ ಹಾಗಾದ್ರೆ," ಅಂದಳು, ಅಂಗಡಿಯಲ್ಲಿ ಬೆಲೆ ಕೇಳಿ ಮುಂದೆ ಹೋಗೋರ ಹಾಗೆ. ಅವಳ ದನಿ ಒಡೆದಿದ್ದು ಆಮೇಲೆ. "ಒಳಗೆ ಸೊಂಟದ ತನಕ ಬಂದಿದೆ ಕಣೆ ಗೂಬೆ." ಫೋನ್ ಕಟ್ಟಾಯ್ತು.

ನಾನು ಹೋಗಿ ಏನು ಮಾಡಬಹುದಿತ್ತು? ಬಸ್ಸು ಹಿಡಿದರೆ ಅಲ್ಲಿ ಮುಟ್ಟೋಷ್ಟರಲ್ಲಿ ಇಳಿತ ಬಂದಿರುತ್ತೆ. ಪರದೆ ಮೇಲಿನ ಆ ಹಸಿರನ್ನು ನೋಡ್ತಾ ಕೂತೆ. ಶೇಕಡಾ ಬಂದು ನನ್ನ ಪಕ್ಕ ನಿಂತ, ನಕ್ಷೆ ನೋಡಿದ, ಒಂದೂ ಅಂಕಿ ಹೇಳದೆ ಹೋದ. ಡಬ್ಬಿಯ ಅನ್ನ ಹಾಗೇ ತಣ್ಣಗಾಯ್ತು.

ಅವತ್ತಿನ ಉಬ್ಬರಕ್ಕೆ ಮನೆ ಬಿದ್ದೇ ಹೋಯ್ತು. ಈಗ ಅಕ್ಕ, ಭಾವ ನನ್ನ ಬಾಡಿಗೆ ಮನೆಯಲ್ಲೇ ಇದಾರೆ. ಇರೋದು ಒಂದು ಕೋಣೆ, ಒಂದು ಅಡುಗೆಮನೆ. ಬಂದಾಗ ಎರಡು ಗಂಟು, ಒಂದು ಒಲೆ, ಭಾವನ ಜೇಬಲ್ಲಿ ನೆನೆದು ಅಂಟಿಕೊಂಡಿದ್ದ ಆ ನಕ್ಷೆ. ಭಾವ ಅದನ್ನು ಕಿಟಕಿಯಲ್ಲಿ ಒಣಗಿಸಿದರು. ಹಸಿರೆಲ್ಲ ಹರಡಿ ಕಾಗದದ ತುಂಬಾ ಆಗಿತ್ತು. ಅಕ್ಕ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿದಳು. ಇಲ್ಲಿಗೆ ನೀರು ಬರಲ್ಲ ಅಂದರೂ ಕೇಳಲಿಲ್ಲ. ಭಾವನಿಗೆ ಇಲ್ಲಿ ಮಾಡೋಕೆ ಕೆಲಸ ಇಲ್ಲ. ದಿನವಿಡೀ ಕೈಗಳನ್ನು ತೊಡೆ ಮೇಲಿಟ್ಟುಕೊಂಡು ಬೀದಿ ನೋಡ್ತಾರೆ.

ಹೋದ ವಾರ ಅಳಿವೆಯ ಹೊಸ ಚಿತ್ರ ಬಂತು. ಈ ಸಲ ಮೋಡ ಇನ್ನೂ ದೊಡ್ಡದು, ಮನೆ ಇದ್ದ ಜಾಗವನ್ನೂ ಸೇರಿಸಿ ಮುಚ್ಚಿತ್ತು. ಕಂಪ್ಯೂಟರು ಎಂದಿನ ಹಾಗೆ ಹಿಂದಕ್ಕೆ ಹೋಗಿ, ಹುಡುಕಿ, ತಂದು ಕೂರಿಸಿತು. ನೀರಿನ ಅಂಚಲ್ಲಿ ಕಾಡು, ಕಾಡಿನ ಹಿಂದೆ ತಗಡಿನ ಮಾಡು, ಬೆಳ್ಳಗೆ, ಒಂದು ಚುಕ್ಕೆ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡ್ತಿದ್ದೆ. ನನ್ನ ಮುಖದಲ್ಲಿ ಏನು ಕಂಡರೋ, ಭಾವ ಕೇಳಿದರು.

"ನಕ್ಷೇಲಿ ಗೂನಿ ಇನ್ನೂ ಇದಾಳಾ?"

"ಇದಾಳೆ ಭಾವ."

"ನಮ್ಮ ಮನೆ?"

ಅಕ್ಕ ಒಲೆಯ ಮುಂದಿಂದ ತಿರುಗಿ ನನ್ನನ್ನೇ ನೋಡ್ತಿದ್ದಳು. ಸುಳ್ಳು ಹೇಳೋಣ ಅಂದರೆ ಯಾವುದು ಸುಳ್ಳು ಅಂತಲೇ ನನಗೆ ತಿಳೀಲಿಲ್ಲ.

"ಅದೂ ಇದೆ," ಅಂದೆ.

ಭಾವ ತಲೆದೂಗಿದರು. ಮತ್ತೆ ಬೀದಿ ಕಡೆ ತಿರುಗಿದರು.

"ಅವತ್ತು ಗಡಿಬಿಡೀಲಿ ಬೀಗ ಹಾಕಲೇ ಇಲ್ಲ," ಅಂದರು.